ಹೊರೇಸನಿಗೆ ಕಟ್ಟಿಕೊಟ್ಟ ಗಾಳಗಳು

ಸ್ಟೋರ್‌ಪೋರ್ಟ್,
೨೭ ಸೆಪ್ಟೆಂಬರ್ ೧೯೯೪, ಮಂಗಳವಾರ

ಪ್ರೀತಿಯ ಮೇವಿಸ್ ಅಕ್ಕಾ,

ನಿನ್ನ ಮಂಡಿನೋವು ಈಗ ಹೇಗಿದೆ? ಸಮುದ್ರದ ಗಾಳಿ ಕೀಲುಗಳಿಗೆ ಒಳ್ಳೆಯದು ಎಂದು ಪುಸಲಾಯಿಸಿ ನಿನ್ನನ್ನು ಬಾರ್ಮತ್‌ಗೆ ಹೊರಡಿಸಿದವನು ನಾನೇ. ಅಲ್ಲಿ ವಾರದಲ್ಲಿ ಐದು ದಿನ ಮಳೆ ಎಂದು ನೀನು ಬರೆದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಸಿಲ್ವಿಯಾಳ ವಸತಿಗೃಹ ಈ ಬೇಸಿಗೆ ಪೂರ್ತಿ ತುಂಬಿತ್ತಂತೆ, ಸಂತೋಷ. ಆದರೆ ಬಂದವರ ಹಾಸಿಗೆಬಟ್ಟೆಗಳಿಗೆಲ್ಲ ನೀನು ನಿಂತು ಇಸ್ತ್ರಿ ಹಾಕುವುದು ಬೇಡ. ನಿನಗೆ ಎಂಬತ್ತೊಂದಾಯಿತು ಎಂಬುದನ್ನು ನಿನ್ನ ಮಗಳು ಮರೆತಿದ್ದರೆ ನಾನು ನೆನಪಿಸುತ್ತೇನೆ. ಹೊಸ ಮಾತ್ರೆ ಹೊಟ್ಟೆಗೆ ಆಗಿಬರದಿದ್ದರೆ ಊಟವಾದ ಮೇಲೆ ತೆಗೆದುಕೊಂಡು ನೋಡು. ನನ್ನ ಮೈಗೇನೂ ಆಗಿಲ್ಲ. ಬೀನ್ಸು ಈ ವರ್ಷ ಕೈಕೊಟ್ಟಿತು, ಈರುಳ್ಳಿ ಪರವಾಗಿಲ್ಲ. ನಿದ್ದೆ ಮಾತ್ರ ಸರಿಯಾಗಿ ಬರುತ್ತಿಲ್ಲ, ಅದರ ಕಾರಣ ಮುಂದೆ ಬರೆಯುತ್ತೇನೆ.

ನಿನ್ನ ಕಾಗದ ಹೋದ ಗುರುವಾರವೇ ಬಂತು. ನಮ್ಮ ಮೀನು ಸಂಘದ ಟೆಡ್ ಬೇಲಿಸ್ ಫೋನ್ ಮಾಡಿ ಸುದ್ದಿ ತಿಳಿಸಿದನೆಂದೂ, ಪೇಪರಿನಲ್ಲಿ ಬಂದ ಫೋಟೋವನ್ನು ಅವನೇ ಕಳಿಸಿಕೊಟ್ಟನೆಂದೂ, ನೀನು ಅದಕ್ಕೆ ಚೌಕಟ್ಟು ಹಾಕಿಸಿ ಭಾವನ ಫೋಟೋದ ಪಕ್ಕದಲ್ಲೇ ಇಟ್ಟಿದ್ದೀಯೆಂದೂ ಓದಿದೆ. "ಸಿರಿಲ್ ಇದ್ದಿದ್ರೆ ನಿನ್ನ ಹೆಗಲ ಮೇಲೆ ಕೂರಿಸ್ಕೊಂಡು ಊರೆಲ್ಲ ಸುತ್ತಿಸ್ತಿದ್ದ ಕಣೋ ವಿಲ್ಫೀ" ಎಂದು ಬರೆದಿದ್ದೀಯ. ಆ ಸಾಲಿನವರೆಗೆ ಓದಿ ಕಾಗದವನ್ನು ಮಡಚಿ ಬ್ರೆಡ್ಡಿನ ಡಬ್ಬಿಯ ಕೆಳಗೆ ಇಟ್ಟೆ. ಉಳಿದದ್ದನ್ನು ಓದಿದ್ದು ಶನಿವಾರ. ಅಕ್ಕಾ, ಈ ಕಾಗದವನ್ನು ಮುಂದೆ ಓದುವ ಮೊದಲು ದಯವಿಟ್ಟು ಎದ್ದು ಹೋಗಿ ಆ ಫೋಟೋವನ್ನು ಭಾವನ ಪಕ್ಕದಿಂದ ತೆಗೆದುಬಿಡು. ಬೀರುವಿನಲ್ಲಿಡು, ಎಲ್ಲಾದರೂ ಇಡು. ಭಾವನ ನೆನಪಿಗೆ ನಡೆಸುವ ಮೀನು ಹಿಡಿಯುವ ಸ್ಪರ್ಧೆಯ ಆ ಕಪ್ಪನ್ನು ನಾನು ಗೆದ್ದ ರೀತಿ ಸರಿಯಿಲ್ಲ. ಹನ್ನೊಂದು ವರ್ಷ ಅದಕ್ಕಾಗಿ ಬಾಯಿ ಬಿಟ್ಟುಕೊಂಡು ಕೂತಿದ್ದವನು ನಾನು. ಈಗ ಅದು ಅಡುಗೆಮನೆಯ ಕಪಾಟಿನಲ್ಲಿ ಹಿಟ್ಟಿನ ಚೀಲದ ಹಿಂದೆ ಇದೆ. ನೋಡುವ ಧೈರ್ಯವಿಲ್ಲ.

ಹನ್ನೊಂದು ವರ್ಷದ ಹಿಂದೆ, ಭಾವ ತೀರಿಹೋದ ವಾರ, ನೀನು ನನಗೆ ಒಂದು ಕೆಲಸ ವಹಿಸಿದ್ದೆ, ನೆನಪಿದೆಯೆ? ಸಮಾಧಿಯಿಂದ ಬಂದು ಚಹಾ ಕುಡಿಯುತ್ತಿರುವಾಗ, ಭಾವನ ಕೋಟನ್ನು ಮಡಿಲಲ್ಲಿಟ್ಟುಕೊಂಡು, "ಹೊರೇಸ್‌ಗೆ ಇಷ್ಟು ದಿನ ಸಿರಿಲ್ ಗಾಳ ಕಟ್ಟಿಕೊಡ್ತಿದ್ದ. ಇನ್ಮೇಲೆ ಅದು ನಿನ್ನ ಪಾಲಿನ ಕೆಲ್ಸ" ಎಂದೆ. ಅಷ್ಟೇ ಹೇಳಿದ್ದು. ಹೊರೇಸ್ ಯಾಪ್‌ನ ಕೈ ಆಗಲೇ ನಡುಗಲು ಶುರುವಾಗಿತ್ತು. ನಲವತ್ತು ವರ್ಷ ಈ ಊರಿನ ಗಂಡಸರ ಕುತ್ತಿಗೆಯ ಮೇಲೆ ಕತ್ತಿ ಆಡಿಸಿಯೂ ಒಂದು ಗೀರು ಬೀಳಿಸದ ಕ್ಷೌರಿಕ, ಒಂದು ದಿನ ಪಾದ್ರಿಯ ಕಿವಿಯ ಅಂಚನ್ನು ಕುಯ್ದು, ಅದೇ ಸಂಜೆ ಅಂಗಡಿಗೆ ಬೀಗ ಹಾಕಿದ. ಕತ್ತರಿ ಹೋದ ಮೇಲೆ ಅವನ ಕೈಗೆ ಉಳಿದಿದ್ದ ಮರ್ಯಾದೆಯ ಕೆಲಸ ಮೀನು ಹಿಡಿಯುವುದೊಂದೇ. ಕೋಲು ಹಿಡಿದಾಗ ನಡುಕ ಅಷ್ಟಾಗಿ ಕಾಣುತ್ತಿರಲಿಲ್ಲ. ಗೋಧಿಕಾಳಿಗಿಂತ ಸಣ್ಣ ಗಾಳಕ್ಕೆ ಕೂದಲಿನಂಥ ನೈಲಾನ್ ದಾರ ಸುತ್ತಿ ಗಂಟು ಹಾಕುವುದು ಮಾತ್ರ ಅವನಿಂದ ಆಗುತ್ತಿರಲಿಲ್ಲ. ನನ್ನದು ರತ್ನಗಂಬಳಿ ಕಾರ್ಖಾನೆಯ ಕೈ, ಮಗ್ಗದೊಳಗೆ ಬೆರಳು ತೂರಿಸಿ ಹರಿದ ಎಳೆ ಜೋಡಿಸಿದ ಕೈ, ಎಪ್ಪತ್ತೆರಡಕ್ಕೂ ಅಲುಗುವುದಿಲ್ಲ. ಆದ್ದರಿಂದ ಪ್ರತಿ ಆಗಸ್ಟಿನಲ್ಲಿ ಒಂದು ಡಜನ್ ನನಗೆ, ಒಂದು ಡಜನ್ ಅವನಿಗೆ ಕಟ್ಟುತ್ತ ಬಂದೆ. ಗೇಣುದ್ದದ ದಾರ, ಒಂದು ತುದಿಗೆ ಗಾಳ, ಇನ್ನೊಂದು ತುದಿಗೆ ಕುಣಿಕೆ. ಅವನಿಗೆ ಕಣ್ಣೂ ಮಂಜಾದ ಮೇಲೆ, ಗಂಟು ಕಾಣಲಿ ಎಂದು ಅವನ ಗಾಳಗಳಿಗೆ ಮಾತ್ರ ಅವನ ಹೆಂಡತಿ ಎನಿಡ್‌ಳ ಉಗುರುಬಣ್ಣದ ಶೀಶೆಯಿಂದ ಒಂದು ಕೆಂಪು ಚುಕ್ಕೆ ಇಡುತ್ತಿದ್ದೆ. ಹೆಂಡತಿಯ ಶೀಶೆ ಖಾಲಿಯಾದಾಗ ಹೊರೇಸನೇ ಅಂಗಡಿಗೆ ಹೋಗಿ ಅದೇ ಬಣ್ಣ ಬೇಕು ಎಂದು ಹಟ ಹಿಡಿದು ತಂದುಕೊಡುತ್ತಿದ್ದ. ಅಂಗಡಿಯ ಹುಡುಗಿಯರು ನಕ್ಕರೆ ನಗಲಿ ಎನ್ನುತ್ತಿದ್ದ.

ಈ ಜುಲೈನ ಬಿಸಿಲು ನಿನಗೂ ಗೊತ್ತು. ಮೇ ತಿಂಗಳಿನಿಂದ ದಾರದ ಉರುಳೆ ನನ್ನ ಅಡುಗೆಮನೆಯ ಕಿಟಕಿಯ ಮೇಲೇ ಬಿದ್ದಿತ್ತು. ನೈಲಾನನ್ನು ಬಿಸಿಲಲ್ಲಿಟ್ಟರೆ ಒಳಗೊಳಗೇ ಜೀವ ಹೋಗುತ್ತದೆ, ನೋಡಲು ಹೊಸದರಂತೆಯೇ ಹೊಳೆಯುತ್ತದೆ. ನದಿಗೆ ಹೋಗುವ ಯಾವನಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ನಾನೇ ಎಷ್ಟು ಜನರಿಗೆ ಬುದ್ಧಿ ಹೇಳಿದ್ದೇನೆ. ಆದರೂ ಆಗಸ್ಟಿನ ಒಂದು ಮಧ್ಯಾಹ್ನ ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತ ಅದೇ ಉರುಳೆಯಿಂದ ಎರಡು ಡಜನ್ ಕಟ್ಟಿ ಮುಗಿಸಿದೆ. ಒಂದೊಂದನ್ನೂ ನಾಲಿಗೆಗೆ ತಾಗಿಸಿ ಒದ್ದೆ ಮಾಡಿ ಜಗ್ಗಿ ನೋಡುವುದು ನನ್ನ ಪದ್ಧತಿ. ಅವತ್ತು ನೋಡಲಿಲ್ಲ. ಹೊರೇಸನ ಡಜನ್ನನ್ನು ತಂಬಾಕಿನ ಡಬ್ಬಿಗೆ ಹಾಕಿ ಕೊಟ್ಟುಬಂದೆ. ಇಲ್ಲಿಯವರೆಗಿನದು ತಪ್ಪು ಮಾತ್ರ, ಅಕ್ಕಾ. ತಪ್ಪು ಯಾರಿಂದಲೂ ಆಗುತ್ತದೆ. ಇಷ್ಟೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ.

ಸ್ಪರ್ಧೆ ಹದಿನಾಲ್ಕನೇ ತಾರೀಕು, ಬುಧವಾರ. ಬೆಳಿಗ್ಗೆ ಆರಕ್ಕೆ ಎದ್ದು ರೊಟ್ಟಿಗೆ ಚೀಸು, ಈರುಳ್ಳಿ ಇಟ್ಟುಕೊಂಡು, ಚಹಾ ತುಂಬಿಸಿ, ಸುಮ್ಮನೆ ಅಭ್ಯಾಸಬಲದಿಂದ ನನ್ನ ಗಾಳವೊಂದನ್ನು ತೆಗೆದು ಜಗ್ಗಿದೆ. ಹಳೆಯ ಹೊಲಿಗೆದಾರದ ಹಾಗೆ ತುಂಡಾಯಿತು. ಇನ್ನೊಂದು ಜಗ್ಗಿದೆ, ಅದೂ ಹೋಯಿತು. ಹನ್ನೆರಡನ್ನೂ ಜಗ್ಗಿದೆ. ಕಿಟಕಿಯ ಮೇಲಿನ ಉರುಳೆ ನೋಡಿದೆ, ಎಲ್ಲ ತಿಳಿಯಿತು. ಅಂಗಡಿಯಿಂದ ತಂದಿಟ್ಟಿದ್ದ ಹೊಸ ಉರುಳೆ ಒಂದಿತ್ತು. ಮೇಜಿನ ಮುಂದೆ ಕೂತು ಅದರಿಂದ ಆರು ಗಾಳ ಕಟ್ಟಿದೆ, ನನಗಾಗಿ. ಹೊರೇಸನಿಗೆ ಅಲ್ಲೇ ಹೋಗಿ ಹೇಳೋಣ, ಸೀಟಿ ಊದುವುದಕ್ಕೆ ಮುಂಚೆ ದಂಡೆಯ ಮೇಲೆ ಅವನಿಗೂ ಆರು ಕಟ್ಟಿಕೊಡೋಣ, ಹತ್ತು ನಿಮಿಷದ ಕೆಲಸ ಎಂದುಕೊಂಡು ಉರುಳೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಸೈಕಲ್ಲಿನಲ್ಲಿ ಹೋಗುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಇದೇ. ಇಷ್ಟನ್ನಾದರೂ ನೀನು ನಂಬಬೇಕು.

ಗೂಟದ ಚೀಟಿ ಎತ್ತುವುದು ಯಾವತ್ತಿನಂತೆ ಪಬ್ಬಿನ ಹಿಂದಿನ ಅಂಗಳದಲ್ಲಿ. ಅರವತ್ತು ದಾಟಿದ ಇಪ್ಪತ್ತೆಂಟು ಮುದುಕರು, ಒಬ್ಬೊಬ್ಬನಿಗೂ ಒಂದೊಂದು ಕಾಯಿಲೆ, ಎಲ್ಲರ ಕಣ್ಣೂ ಟೆಡ್‌ನ ಕೈಲಿರುವ ಚೀಲದ ಮೇಲೆ. ದಂಡೆಯುದ್ದಕ್ಕೂ ನಂಬರು ಹಾಕಿ ನೆಟ್ಟ ಗೂಟಗಳಲ್ಲಿ ಯಾವುದು ಬಂತೋ ಅದರ ಮುಂದೆ ಐದು ಗಂಟೆ ಕೂರಬೇಕು, ಅರ್ಧ ಸ್ಪರ್ಧೆ ಅಲ್ಲೇ ಮುಗಿದ ಹಾಗೆ. ಹಿರಿಯನೆಂದು ಹೊರೇಸ್ ಮೊದಲು ಕೈ ಹಾಕಿದ. ಕೈ ಎಷ್ಟು ನಡುಗುತ್ತಿತ್ತೆಂದರೆ ಚೀಲದೊಳಗಿನ ಬಿಲ್ಲೆಗಳು ಗಲಗಲ ಎಂದವು. "ಒಳಗಿರೋದು ಬಿಲ್ಲೆ ಕಣಯ್ಯ ಹೊರೇಸ್, ಇಲಿ ಅಲ್ಲ" ಎಂದು ಯಾರೋ ಅಂದರು, ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ತೆಗೆದ ಬಿಲ್ಲೆ ಒಂಬತ್ತು. ವಿಲೋ ಮರದ ಕೆಳಗಿನ ಗೂಟ, ಬಾರ್ಬೆಲ್ ಮೀನುಗಳು ನಿಲ್ಲುವ ಜಾಗ, ಭಾವ ಮೂರು ಸಲ ಗೆದ್ದ ಗೂಟ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅದರ ಕೆಳಗಿನ ಹತ್ತು ಬಂತು. ಆಗ ಟೆಡ್, "ಸರಿಹೋಯ್ತು ಬಿಡು. ವಿಲ್ಫ್ ಈ ವರ್ಷಾನೂ ಎರಡನೇ ಬಹುಮಾನಕ್ಕೆ ಚೌಕಟ್ಟು ಹಾಕಿಸ್ಬೋದು" ಎಂದ. ನಾಲ್ಕು ಸಲ ಎರಡನೆಯವನಾಗಿದ್ದೇನಲ್ಲ, ಆ ಮಾತಿಗೆ ಎಲ್ಲರೂ ನಕ್ಕರು. ಟೆಡ್ ಕೆಟ್ಟವನಲ್ಲ, ಅದು ಬರೀ ತಮಾಷೆ. ಆದರೆ ನನಗೆ ಅದು ಎದೆಗೆ ನಾಟಿತು. ಜೇಬಿನೊಳಗೆ ಉರುಳೆಯನ್ನು ಹಿಡಿದಿದ್ದ ಕೈಯನ್ನು ಹಾಗೇ ಹೊರಗೆ ತೆಗೆದೆ, ಖಾಲಿ ಕೈಯನ್ನು.

ದಂಡೆಯ ಉದ್ದಕ್ಕೂ ಹೊರೇಸನ ಬುಟ್ಟಿಯನ್ನು ಹೊತ್ತುಕೊಂಡು ನಡೆದವನು ನಾನೇ, ಪ್ರತಿವರ್ಷದಂತೆ. ಅವನು ಪಕ್ಕದಲ್ಲಿ ಎಳೆಯ ಹುಡುಗನ ಹಾಗೆ ಮಾತಾಡುತ್ತ ಬಂದ. "ಒಂಬತ್ತು ಬಂತಲ್ಲೋ. ಸಿರಿಲ್ಲೇ ಮೇಲಿಂದ ಚೀಲಕ್ಕೆ ಕೈ ಹಾಕಿರ್ಬೇಕು. ಒಂದೇ ಒಂದು ಸಲ ಅವನ ಕಪ್ಪು ಎತ್ತಿ ಎನಿಡ್‌ಗೆ ತೋರಿಸ್ಬಿಟ್ರೆ ಸಾಕು, ಆಮೇಲೆ ಯಾವ ಡಾಕ್ಟ್ರು ಏನಾದ್ರೂ ಹೇಳ್ಲಿ." ಅವನ ಡಾಕ್ಟರು ಚಳಿಗಾಲದೊಳಗೆ ನದಿಯ ಗೀಳು ಬಿಡಬೇಕೆಂದು ಹೇಳಿದ್ದರಂತೆ, ಅದು ನನಗೆ ಆಗಲೇ ತಿಳಿದದ್ದು. ಆ ಕ್ಷಣದಲ್ಲಿ ನಿಂತು ಹೇಳಬಹುದಾಗಿತ್ತು. ಸೀಟಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ನನ್ನ ಗೂಟದಲ್ಲಿ ಎಲ್ಲ ಜೋಡಿಸಿಕೊಂಡು ಬಂದು ಹೇಳುತ್ತೇನೆ ಎಂದುಕೊಂಡೆ. ಜೋಡಿಸಿಕೊಂಡೆ. ಆಮೇಲೆ ಗಾಳಕ್ಕೆ ಸಿಕ್ಕಿಸುವ ಹುಳುಗಳನ್ನು ಜರಡಿ ಹಿಡಿಯುವ ಅಗತ್ಯವೇ ಇಲ್ಲದಿದ್ದರೂ ಜರಡಿ ಹಿಡಿಯುತ್ತ ಕೂತೆ. ಮರದಾಚೆ ಅವನು ನನ್ನ ಡಬ್ಬಿಯನ್ನು ತೆರೆದು ಕೆಂಪು ಚುಕ್ಕೆಯ ಗಾಳವೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಹತ್ತಕ್ಕೆ ಸೀಟಿ ಊದಿದರು. ಸೀಟಿಯಾದ ಮೇಲೆ ಒಬ್ಬರ ಸಾಮಾನು ಇನ್ನೊಬ್ಬರಿಗೆ ಕೊಡುವಂತಿಲ್ಲ, ಅದು ನಿಯಮ. ನಾನೇನು ಮಾಡಲಿ, ನಿಯಮವಿದೆಯಲ್ಲ ಎಂದು ನನಗೇ ಹೇಳಿಕೊಂಡೆ. ಅಷ್ಟು ಸಲೀಸಾಗಿ ಮನುಷ್ಯ ಸಜ್ಜನನಾಗಿಬಿಡುತ್ತಾನೆ.

ಹತ್ತೂವರೆಗೆ ಅವನ ಮೊದಲ ಮೀನು ಸಿಕ್ಕಿತು. ಕೋಲು ಬಿಲ್ಲಿನಂತೆ ಬಾಗಿತು, "ಬಂತು ಬಂತು" ಎಂದ, ಕೂಡಲೇ ಕೋಲು ನೆಟ್ಟಗಾಯಿತು. "ಕೈ ಅಲುಗ್ತು ಕಣೋ ವಿಲ್ಫ್. ಜಗ್ಗಿಬಿಟ್ಟೆ" ಎಂದು ಮರದಾಚೆಯಿಂದ ಕೂಗಿದ. ನಾನು "ಹೋಗ್ಲಿ ಬಿಡು, ಇನ್ನೊಂದು ಬರುತ್ತೆ" ಎಂದೆ. ಬಂತು. ಅದೂ ಹಾಗೇ ಹೋಯಿತು. ಮೂರನೆಯದನ್ನು ಅವನು ಬಹಳ ಹೊತ್ತು ಆಡಿಸಿದ, ಉಸಿರು ಬಿಗಿಹಿಡಿದು, ಮಗುವನ್ನು ಮಲಗಿಸುವವನ ಹಾಗೆ. ಮೀನಿನ ಕಂಚಿನ ಬಣ್ಣದ ಬೆನ್ನು ನನಗೂ ಕಂಡಿತು. ಕೈಬಲೆ ನೀರಿಗಿಳಿಸುವಷ್ಟರಲ್ಲಿ ಅದೂ ದಾರ ಹರಿದುಕೊಂಡು ಹೋಯಿತು. ಆಮೇಲೆ ಅವನು ಕೂಗಿ ಹೇಳುವುದನ್ನು ನಿಲ್ಲಿಸಿದ. ನಾಲ್ಕನೆಯದು, ಐದನೆಯದು ಹೋದದ್ದು ನನಗೆ ಕೋಲು ನೆಟ್ಟಗಾದದ್ದರಿಂದಲೇ ಗೊತ್ತಾದದ್ದು. ಪ್ರತಿ ಸಲವೂ ಹೊಸ ಗಾಳ ಸಿಕ್ಕಿಸಲು ಅವನಿಗೆ ಹತ್ತು ಹತ್ತು ನಿಮಿಷ ಬೇಕಾಗುತ್ತಿತ್ತು. ಒಂದು ಸಲ ನೋಡಿದಾಗ ಕೋಲನ್ನು ಹುಲ್ಲಿನ ಮೇಲಿಟ್ಟು, ಎರಡು ಕೈಗಳನ್ನೂ ತೊಡೆಗಳ ಕೆಳಗೆ ಹಾಕಿ ಅದುಮಿಕೊಂಡು ಕೂತಿದ್ದ. ನಾನು ಮುಖ ತಿರುಗಿಸಿ ನನ್ನ ಬೆಂಡನ್ನು ನೋಡಿದೆ.

ಅಷ್ಟು ಗಲಾಟೆಯಾದ ಮೇಲೆ ಮೀನುಗಳು ಮರದ ಕೆಳಗೆ ನಿಲ್ಲುತ್ತವೆಯೆ? ಕೆಳಕ್ಕೆ ಸರಿದು ನನ್ನ ಮುಂದೆ ಬಂದವು. ಹನ್ನೆರಡರಿಂದ ಎರಡರೊಳಗೆ ನಾಲ್ಕು ಬಾರ್ಬೆಲ್ ಹಿಡಿದೆ. ಅಕ್ಕಾ, ಈಗ ಬರೆಯುವುದನ್ನು ಬರೆಯಬಾರದೆಂದೇ ಕೂತಿದ್ದೆ. ಮೂರನೆಯ ಮೀನನ್ನು ಕೈಬಲೆಯಲ್ಲಿ ಎತ್ತಿ ಬಾಯಿ ಬಿಡಿಸಿದಾಗ ನನ್ನ ಗಾಳ ಒಂದು ಕಡೆ ಇತ್ತು, ಮೀನಿನ ಮೀಸೆಯ ಪಕ್ಕದಲ್ಲಿ ಇನ್ನೊಂದು ಗಾಳ ಇತ್ತು. ಅದಕ್ಕೆ ಎರಡು ಅಂಗುಲ ದಾರ ತೂಗುತ್ತಿತ್ತು, ಗಂಟಿನ ಮೇಲೆ ಕೆಂಪು ಚುಕ್ಕೆ. ಮರದ ಕಡೆ ನೋಡಿದೆ. ಹೊರೇಸ್ ನನ್ನನ್ನೇ ನೋಡುತ್ತಿದ್ದ, ಅವನಿಗೆ ಅಷ್ಟು ದೂರದಿಂದ ಮೀನು ಕಾಣಬಹುದೇ ಹೊರತು ಗಾಳ ಕಾಣುವುದಿಲ್ಲ. "ಒಳ್ಳೇ ಮೀನು ಕಣೋ. ಹುಷಾರು, ಹುಷಾರು" ಎಂದ. ನಾನು ಆ ಗಾಳವನ್ನು ಬಿಡಿಸಿ, ಮುಷ್ಟಿಯಲ್ಲಿ ಮುಚ್ಚಿ, ಕೋಟಿನ ಜೇಬಿಗೆ ಹಾಕಿಕೊಂಡೆ. ಮೀನನ್ನು ನನ್ನ ಬಲೆಚೀಲಕ್ಕೆ ಬಿಟ್ಟೆ. ಗಾಳ ಮುಚ್ಚಿಟ್ಟುಕೊಳ್ಳುವಾಗ ನನ್ನ ಕೈ ಸ್ವಲ್ಪವೂ ನಡುಗಲಿಲ್ಲ. ಅದು ನನಗೆ ಎಲ್ಲಕ್ಕಿಂತ ಹೇಸಿಗೆಯಾಗಿ ಕಾಣುತ್ತದೆ.

ಮೂರಕ್ಕೆ ಸೀಟಿ ಊದಿ ತಕ್ಕಡಿ ಬಂತು. ನನ್ನದು ಇಪ್ಪತ್ತನಾಲ್ಕು ಪೌಂಡು ಹತ್ತು ಔನ್ಸು. ಹೊರೇಸನದು ಬೆರಳುದ್ದದ ಮೀನುಗಳೇ, ಒಂದು ಪೌಂಡು ಎರಡು ಔನ್ಸು. ತೂಗಿದ ಮೇಲೆ ಮೀನುಗಳನ್ನು ನೀರಿಗೆ ಬಿಟ್ಟೆವು, ಅವು ತಮ್ಮ ಪಾಡಿಗೆ ಹೋದವು. ಪಬ್ಬಿನಲ್ಲಿ ಬಿಸಿ ಮಾಂಸದುಂಡೆ, ಬಟಾಣಿ, ಬಿಯರು. ಟೆಡ್ ನಿನ್ನ ಹೆಸರು ಹೇಳಿ, ಭಾವನ ಹೆಸರು ಹೇಳಿ ಕಪ್ಪನ್ನು ನನ್ನ ಕೈಗಿಟ್ಟ. ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವನು ಹೊರೇಸ್. ಆ ನಡುಗುವ ಕೈಗಳ ಚಪ್ಪಾಳೆ ಒಂದಕ್ಕೊಂದು ಸರಿಯಾಗಿ ಕೂಡುವುದೂ ಇಲ್ಲ. "ಸಿರಿಲ್‌ನ ಕಪ್ಪು ಅವನ ಮನೆಯೋರಿಗೇ ಹೋಯ್ತು. ಸರಿಯಾಗೇ ಆಯ್ತು" ಎಂದ. ಪೇಪರಿನವನು ಫೋಟೋ ತೆಗೆದದ್ದು ಆಗಲೇ. ನೀನು ಬರೆದಿದ್ದೀಯ, ಫೋಟೋದಲ್ಲಿ ನನ್ನ ಮುಖದಲ್ಲಿ ಎಷ್ಟು ವಿನಯ ಎಂದು. ಅದು ವಿನಯವಲ್ಲ ಅಕ್ಕಾ. ಹೊರಡುವಾಗ ಹೊರೇಸ್ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ, "ನಂದು ಮುಗೀತು ಕಣೋ. ಐದು ಮೀನು ಬಾಯಿಗೆ ಬಂದು ಹೋದ್ವು. ನಿನ್ನ ಗಂಟು ಒಂದೂ ಬಿಚ್ಲಿಲ್ಲ, ನೋಡಿದೆ. ನಿನ್ನ ಕೈಲಿ ತಪ್ಪಿಲ್ಲ. ಜಗ್ಗಿದ್ದು ನಾನೇ. ಗಿರಾಕಿ ಕಿವಿ ಕುಯ್ದ ದಿನಾನೇ ಈ ಕೈಗಳು ಹೇಳಿದ್ವು, ನಾನೇ ಕೇಳ್ಲಿಲ್ಲ" ಎಂದ. ನಾನು ಏನು ಹೇಳಿದೆ ಗೊತ್ತೆ? "ವಯಸ್ಸಾದ್ಮೇಲೆ ಎಲ್ರಿಗೂ ಹಾಗೇ" ಎಂದೆ.

ಅಂದಿನಿಂದ ಅವನ ಮನೆಗೆ ಮೂರು ಸಲ ಹೋಗಿದ್ದೇನೆ, ಹೇಳಲೆಂದೇ. ಮೊದಲ ಸಲ ಎನಿಡ್ ಹಣ್ಣಿನ ಕೇಕು ಕುಯ್ದು ಕೊಟ್ಟಳು, ಗೆದ್ದವನಿಗೆ ದೊಡ್ಡ ತುಂಡು ಎಂದಳು, ತಿಂದು ಬಂದೆ. ಎರಡನೆಯ ಸಲ ಅವರ ಹಿತ್ತಲಿನ ಹುಲ್ಲು ಕತ್ತರಿಸಿದೆ. ಮೂರನೆಯ ಸಲ ಬೇಲಿ ಕತ್ತರಿಸಿ, ಯಾರೂ ಕೇಳದಿದ್ದರೂ ಮೋರಿ ಶುಚಿ ಮಾಡಿದೆ. "ಏನಪ್ಪ ವಿಲ್ಫ್, ನಮ್ಮನೆ ಏನಾದ್ರೂ ಕೊಂಡ್ಕೊಳ್ಳೋ ಯೋಚ್ನೆ ಇದೆಯಾ?" ಎಂದು ಎನಿಡ್ ಕೇಳಿದಳು. ಹೊರೇಸ್ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿರುತ್ತಾನೆ. ಈಗ ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿಯುವುದನ್ನೂ ಬಿಟ್ಟಿದ್ದಾನೆ, ಎನಿಡ್ ಹಿಡಿದು ಕುಡಿಸಬೇಕು. ಸ್ಪರ್ಧೆಗೆ ಮುಂಚೆ ಹಾಗಿರಲಿಲ್ಲ. ನನ್ನಿಂದಾಗದು ಎಂದು ಒಮ್ಮೆ ನಂಬಿದವನಿಗೆ ಆಗುವುದೂ ಆಗದಂತಾಗುತ್ತದೆ, ಅದನ್ನು ಕಣ್ಣಾರೆ ನೋಡುತ್ತಿದ್ದೇನೆ. ನಿನ್ನೆ ಹೋದಾಗ ಕೋಲುಗಳು ನೇತಾಡುತ್ತಿದ್ದ ಗೋಡೆ ಬರಿದಾಗಿತ್ತು. ಬುಟ್ಟಿ, ಕೋಲು, ಬೆಂಡುಗಳು ಎಲ್ಲವನ್ನೂ ಚರ್ಚಿನ ಹಳೆಸಾಮಾನಿನ ಮಾರಾಟಕ್ಕೆ ಕೊಟ್ಟುಬಿಟ್ಟಿದ್ದಾನೆ. ಮಾರಾಟ ಬರುವ ಶನಿವಾರ. ಅದರಲ್ಲಿ ಭಾವ ಅವನಿಗೆ ಕೊಟ್ಟ ಕೋಲೂ ಇದೆ. ಶನಿವಾರ ಮಧ್ಯಾಹ್ನದೊಳಗೆ ಯಾರೋ ಅದನ್ನು ಬೀನ್ಸಿನ ಬಳ್ಳಿಗೆ ಆಸರೆ ಕಟ್ಟಲು ಒಯ್ಯುತ್ತಾರೆ. ಆಮೇಲೆ ನಾನು ಸತ್ಯ ಹೇಳಿದರೂ ಅವನಿಗೆ ಪ್ರಯೋಜನವಿಲ್ಲ.

ಯಾಕೆ ಹೀಗೆ ಮಾಡಿದೆ ಎಂದು ನೀನು ಕೇಳುತ್ತೀಯ. ನಾನೂ ದಿನಾ ಕೇಳಿಕೊಳ್ಳುತ್ತಿದ್ದೇನೆ. ಕಪ್ಪಿನ ಆಸೆ ಎನ್ನಬಹುದು, ಟೆಡ್‌ನ ಮಾತು ಎನ್ನಬಹುದು. ನಿಜ ಹೇಳಬೇಕೆಂದರೆ ಅದು ಹೊಟ್ಟೆಕಿಚ್ಚು. ಭಾವ ಬದುಕಿದ್ದಾಗ ಪ್ರತಿ ಬುಧವಾರ ನದಿಗೆ ಹೋಗುತ್ತಿದ್ದದ್ದು ಅವರಿಬ್ಬರು, ನಾನು ಹಿಂದೆ ಬುಟ್ಟಿ ಹೊರುವವನು. ಭಾವ ಹೋದ ಮೇಲೆ ಬುಧವಾರ ನಾವಿಬ್ಬರೇ ಹೋಗುವಾಗಲೂ ಹೊರೇಸ್ ಬಾಯಿ ತೆರೆದರೆ ಸಿರಿಲ್ ಹೀಗೆ ಮಾಡುತ್ತಿದ್ದ, ಸಿರಿಲ್ ಹಾಗೆ ಮಾಡುತ್ತಿದ್ದ. ಹನ್ನೊಂದು ವರ್ಷ ಅವನಿಗೆ ಗಾಳ ಕಟ್ಟಿದವನು ನಾನು, ಒಂಬತ್ತನೇ ಬಿಲ್ಲೆ ಬಂದಾಗ ಅವನಿಗೆ ನೆನಪಾದದ್ದು ಭಾವ. ಎಪ್ಪತ್ತೆರಡು ವರ್ಷದ ಮುದುಕನಿಗೆ ಇಂಥ ಕಿಚ್ಚು ಇರಬಹುದೆಂದು ನನಗೇ ಗೊತ್ತಿರಲಿಲ್ಲ. ಇದನ್ನು ಬರೆಯುವಾಗ, ಮನೆಯಲ್ಲಿ ಒಬ್ಬನೇ ಇದ್ದರೂ ಬಾಗಿಲ ಕಡೆ ನೋಡಿದೆ. ನಿನ್ನೆದುರು ಕೂತು ಹೇಳುವ ಎದೆಗಾರಿಕೆ ನನಗಿಲ್ಲ, ಅದಕ್ಕೇ ಕಾಗದ. ನಮ್ಮ ಅಮ್ಮ ಹೋದ ಮೇಲೆ ನನ್ನ ಮೂಗು ಒರೆಸಿ ಬೆಳೆಸಿದವಳು ನೀನು. ನನ್ನಲ್ಲಿ ಒಳ್ಳೆಯದೇನಾದರೂ ಇದ್ದರೆ ಅದು ನೀನು ಕಲಿಸಿದ್ದು, ಇದನ್ನು ಮಾತ್ರ ನಾನೇ ಕಲಿತೆ.

ಹೊರೇಸನಿಗೆ ಹೇಳಬೇಕು. ಟೆಡ್‌ಗೂ ಹೇಳಿ ಕಪ್ಪು ಹಿಂದಿರುಗಿಸಬೇಕು. ಹೇಗೆ ಶುರು ಮಾಡುವುದೆಂದು ತಿಳಿಯುತ್ತಿಲ್ಲ. ಮುಂಚೆ ನಿನಗೆ ಬರೆದುಬಿಟ್ಟರೆ ಬಾಯಿ ತೆರೆದುಕೊಳ್ಳಬಹುದೇನೋ ಎಂದು ಕೂತೆ. ನೀನು ಸಿಟ್ಟಾಗು, ಆಗಬೇಕಾದದ್ದೇ. ಆದರೆ ಅದರಿಂದ ರಕ್ತದ ಒತ್ತಡ ಏರಿಸಿಕೊಳ್ಳಬೇಡ, ಮಾತ್ರೆ ಬಿಡಬೇಡ. ಸಿಲ್ವಿಯಾಗೂ ಅವಳ ಗಂಡನಿಗೂ ನನ್ನ ನೆನಪುಗಳನ್ನು ತಿಳಿಸು. ಈ ವಿಷಯ ಅವರಿಗೆ ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಮಳೆಯಲ್ಲಿ ಹೊರಗೆ ಹೋಗುವಾಗ ಉಣ್ಣೆಯ ಕಾಲುಚೀಲ ಹಾಕಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ವಿಲ್ಫ್ರೆಡ್

ಅಕ್ಕಾ, ಅಂಚೆಯವನು ನಾಲ್ಕಕ್ಕೆ ಪೆಟ್ಟಿಗೆ ತೆರೆಯುತ್ತಾನೆ, ಇದನ್ನು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಹೊರೇಸನ ಮನೆಗೆ ಹೋಗಿ ಹೇಳಿಬಂದೆ. ಕೋಟು ಕೂಡ ತೆಗೆಯದೆ ಬಾಗಿಲಲ್ಲೇ ನಿಂತು, ಕಿಟಕಿಯ ಉರುಳೆಯಿಂದ ಹಿಡಿದು ಜೇಬಿಗೆ ಹಾಕಿಕೊಂಡ ಗಾಳದವರೆಗೆ ಎಲ್ಲ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ. ಹೊರೇಸ್ ತನ್ನ ಎರಡು ಕೈಗಳನ್ನೂ ಎತ್ತಿ, ತಿರುಗಿಸಿ ನೋಡಿಕೊಂಡ. ಆಮೇಲೆ, "ಹಾಗಾದ್ರೆ ಕೈ ಜಗ್ಗಲಿಲ್ಲ ಅನ್ನು" ಎಂದ. ಇನ್ನೊಂದು ಸಲ ಕೇಳಿದ, "ಐದಕ್ಕೈದೂ ದಾರದ್ದೇನಾ?" ನಾನು ಹೌದು ಎಂದೆ. ಅವನ ಮುಖದ ಮೇಲೆ ಅಷ್ಟು ಸಂತೋಷ ಬಂತು, ಅದಕ್ಕೆ ನಾನು ಸಿದ್ಧನಾಗಿರಲಿಲ್ಲ. "ಎನಿಡ್, ಕೋಟು ಹಾಕ್ಕೊ, ಪಾದ್ರಿ ಮನೆಗೆ ಹೋಗಿ ನನ್ನ ಕೋಲು ವಾಪಸ್ ತರ್ಬೇಕು" ಎಂದು ತಾನೇ ಎದ್ದು ಬಾಗಿಲಿಗೆ ಬಂದ. ಕಪ್ಪಿನ ಮಾತೆತ್ತಿದೆ, "ಅದು ಟೆಡ್ ಹತ್ರ ಮಾತಾಡು" ಎಂದ. ಹೊಸಿಲು ದಾಟುವಾಗ ನನ್ನ ಮುಖ ನೋಡದೆ, "ಮುಂದಿನ ಬುಧವಾರ ನದಿಗೆ ಹೋಗ್ತೀನಿ. ನೀನು ಬರ್ಬೇಡ, ವಿಲ್ಫ್" ಎಂದ. ಅದೊಂದು ಬುಧವಾರವೋ, ಇನ್ನು ಎಲ್ಲ ಬುಧವಾರಗಳೋ, ಕೇಳಲು ನನಗೆ ಬಾಯಿ ಬರಲಿಲ್ಲ. ನೀನು ಬೈಯಬೇಕೆಂದಿದ್ದರೆ ಆ ಬುಧವಾರ ಫೋನ್ ಮಾಡು. ಮನೆಯಲ್ಲೇ ಇರುತ್ತೇನೆ.